ನಂಬರಿಲ್ಲದ ದಿಂಬು

ಡಾಕ್ಟರು ಕತ್ತಿನ ಎರಡೂ ಬದಿ ಒತ್ತಿ ನೋಡಿದರು. ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಬಲಕ್ಕೆ ತಿರುಗಿಸಿದಾಗ ಹೆಂಗಸು "ಅಯ್ಯೋ" ಎಂದದ್ದನ್ನು ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ಕತ್ತುನೋವಿನವರಿಗೆಲ್ಲ ಕೇಳುವ ಪ್ರಶ್ನೆ ಕೇಳಿದರು.

"ಮಲಗೋವಾಗ ಎಂಥ ದಿಂಬು ಇಟ್ಕೊಳ್ತೀರಿ?"

"ದಿನಕ್ಕೊಂದು ಥರದ್ದು."

"ಅಂದ್ರೆ?"

"ನಿನ್ನೆ ಇಟ್ಕೊಂಡಿದ್ದು ಇವತ್ತಿಲ್ಲ, ಇವತ್ತಿಂದು ನಾಳೆಗಿಲ್ಲ. ಮೂವತ್ತೊಂದು ವರ್ಷದಿಂದ ಹೀಗೇ."

ಡಾಕ್ಟರು ಪೆನ್ನು ಕೆಳಗಿಟ್ಟು ಪಕ್ಕದಲ್ಲಿ ಕೂತಿದ್ದ ಗಂಡನ ಮುಖ ನೋಡಿದರು. ಗಂಡ ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದವನು. ಬೀದಿಯವರ ಬಾಯಲ್ಲಿ ಇನ್ನೂ ಕಂಡಕ್ಟರೇ. ಅವನು ನಗು ತಡೆದುಕೊಂಡು ಹೇಳಿದ. "ಇವಳನ್ನ ಎಲ್ಲಾರೂ ದಿಂಬಿನಮ್ಮ ಅಂತಾರೆ, ಡಾಕ್ಟ್ರೇ. ನಿಮ್ಮ ಮನೇಲಿರೋ ದಿಂಬೂ ಇವಳದ್ದೇ ಇರಬಹುದು. ಇವಳಿಗೆ ಮಾತ್ರ ಒಂದೂ ಇಲ್ಲ."

"ಹಾಗಾದ್ರೆ ಮೊದಲು ನಿಮಗೇ ಅಂತ ಒಂದು ಮಾಡ್ಕೊಳ್ಳಿ. ಅದನ್ನ ಬದಲಾಯಿಸಬೇಡಿ. ಇಲ್ದಿದ್ರೆ ಈ ನೋವು ಕೈಗೂ ಇಳಿಯುತ್ತೆ," ಎಂದರು ಡಾಕ್ಟರು.

ದಿಂಬಿನಮ್ಮ ತಲೆ ಆಡಿಸಿದಳು. ಮಾಡುವ ಉದ್ದೇಶವೇನೂ ಇರಲಿಲ್ಲ.

ಅವರದ್ದು ಮೇಲೆ ಮನೆ, ಕೆಳಗೆ ಕಾರ್ಖಾನೆ. ಕಾರ್ಖಾನೆ ಎಂದರೆ ದೊಡ್ಡ ಮಾತಾಯಿತು. ಎರಡು ಉದ್ದನೆಯ ಕೋಣೆ, ಹತ್ತಿ ಹಿಂಜುವ ಒಂದು ಯಂತ್ರ, ಮೂರು ಹೊಲಿಗೆ ಯಂತ್ರ, ಒಂಬತ್ತು ಜನ. ಹಿಂಜಿದ ಹತ್ತಿಯನ್ನು ರಾಶಿ ಹಾಕುತ್ತಿದ್ದರು. ಒಂದು ರಾಶಿಗೆ ಎಂಟು ದಿಂಬು. ಎಂಟರಲ್ಲಿ ಒಂದಕ್ಕೆ ನಂಬರಿನ ಚೀಟಿ ಹೊಲಿದು ಮೇಲಿನ ಮನೆಗೆ ಕಳಿಸುವುದು, ಮನೆಯವರಲ್ಲೊಬ್ಬರು ಅದರ ಮೇಲೆ ಮಲಗುವುದು, ಬೆಳಿಗ್ಗೆ ತಿಂಡಿಗೆ ಕೂತಾಗ ವರದಿ ಒಪ್ಪಿಸುವುದು. ಚೆನ್ನಾಗಿದ್ದರೆ ಉಳಿದ ಏಳು ಅಂಗಡಿಗೆ ಹೋಗುತ್ತಿದ್ದವು. ಚೆನ್ನಾಗಿಲ್ಲವೆಂದರೆ ಏಳನ್ನೂ ಬಿಚ್ಚಿ ಮತ್ತೆ ಹಿಂಜಬೇಕು. ಮಲಗಿದ ದಿಂಬನ್ನು ಮಾರುವಂತಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಅದರ ಹತ್ತಿ ಕುರ್ಚಿಯ ಮೆತ್ತೆಗೆ ಹೋಗುತ್ತಿತ್ತು.

ವ್ಯಾಪಾರ ಬೆಳೆದದ್ದೂ ಇದೇ ಲೆಕ್ಕದಲ್ಲಿ. ಗಂಡ ಹೆಂಡತಿ ಇಬ್ಬರೇ ಮಲಗಿ ನೋಡುತ್ತಿದ್ದಾಗ ದಿನಕ್ಕೆ ಎರಡು ರಾಶಿ. ಮಗನಿಗೆ ಮೆತ್ತಗೆ ಯಾವುದು, ಗಟ್ಟಿ ಯಾವುದು ಎಂದು ಹೇಳುವ ಬುದ್ಧಿ ಬಂದ ಮೇಲೆ ಮೂರು. ಸೊಸೆ ಬಂದಳು, ನಾಲ್ಕಾಯಿತು. "ನನ್ನನ್ನ ತಂದಿದ್ದೇ ನಾಲ್ಕನೇ ರಾಶಿಗೆ," ಎಂದು ಅವಳು ಈಗಲೂ ಬಂದವರ ಮುಂದೆ ಹೇಳಿ ನಗಿಸುತ್ತಾಳೆ. ಮೊಮ್ಮಗಳಿಗೆ ಆರು ತುಂಬಿದಾಗ ಐದನೆಯದು. ಐದು ತಲೆ, ಐದು ರಾಶಿ, ದಿನಕ್ಕೆ ನಲವತ್ತು ದಿಂಬು. ಅಂಗಡಿಯವರು ಇನ್ನೂ ಬೇಕು ಎಂದರೆ ದಿಂಬಿನಮ್ಮ, "ನಮ್ಮನೇಲಿ ಇರೋದು ಐದೇ ತಲೆ," ಎನ್ನುತ್ತಿದ್ದಳು. ಅವರು ಅದನ್ನು ತಮಾಷೆ ಎಂದುಕೊಳ್ಳುತ್ತಿದ್ದರು.

ಡಾಕ್ಟರ ಹತ್ತಿರ ಹೋಗಿ ಬಂದ ದಿನವೇ ಸಂಜೆ ಮಗ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಮೂವತ್ತಾರು ವರ್ಷದವನು, ಮಾರಾಟದ ಓಡಾಟವೆಲ್ಲ ಅವನದ್ದೇ.

"ಅಮ್ಮ, ಇಪ್ಪತ್ತೆರಡು ಹೋಟೆಲು! ಒಬ್ಬರದ್ದೇ! ನಮ್ಮ ದಿಂಬಿನ ಮೇಲೆ ಅವರ ಮ್ಯಾನೇಜರು ಯಾರದೋ ಮನೇಲಿ ಮಲಗಿದ್ನಂತೆ. ಎದ್ದವನೇ ವಿಳಾಸ ಕೇಳಿದ್ನಂತೆ."

"ಎಷ್ಟು ಬೇಕಂತೆ?"

"ಮೊದಲು ಮಾದರಿಗೆ ಎಂಟುನೂರು, ಹತ್ತು ದಿನದಲ್ಲಿ. ಒಪ್ಪಿಗೆ ಆದ್ರೆ ಆಮೇಲೆ ತಿಂಗಳಿಗೆ ಆರು ಸಾವಿರ."

ಸ್ಟವ್ ಮುಂದೆ ಮೊಟ್ಟೆ ಬೇಯಿಸುತ್ತಿದ್ದ ಕಂಡಕ್ಟರ್ ತಿರುಗಿ ನೋಡಿದ. ನಿವೃತ್ತನಾದ ಮೇಲೆ ಅಡುಗೆಮನೆ ಅವನ ಸುಪರ್ದಿಗೆ ಬಂದಿತ್ತು. "ಆರು ಸಾವಿರಕ್ಕೆ ತಲೆ ಎಲ್ಲಿಂದ ತರ್ತೀಯ?"

"ಅಪ್ಪ, ಪ್ರಪಂಚದಲ್ಲಿ ಯಾರೂ ದಿಂಬು ಮಾರೋಕೆ ಮುಂಚೆ ಅದರ ಮೇಲೆ ಮಲಗಲ್ಲ."

"ನಾವು ಮಲಗ್ತೀವಿ," ಎಂದಳು ದಿಂಬಿನಮ್ಮ.

"ಸರಿ, ಮಲಗೋಣ. ಎಂಟುನೂರೂ ಮಲಗೇ ಕಳಿಸೋಣ. ಆದ್ರೆ ಬೇಡ ಅನ್ನಬೇಡ."

ಅವನ ಮುಖ ನೋಡಿ ಅವಳಿಗೆ ಬೇಡ ಎನ್ನಲಾಗಲಿಲ್ಲ. ಅವಳಿಗೂ ಒಳಗೊಳಗೇ ಖುಷಿಯಾಗಿತ್ತು ಎನ್ನುವುದನ್ನೂ ಹೇಳಿಬಿಡಬೇಕು. ಇಪ್ಪತ್ತೆರಡು ಹೋಟೆಲು ಎಂದರೆ ಯಾರಿಗೆ ಬೇಡ?

ಬಾಡಿಗೆಗೆ ಇನ್ನೊಂದು ಹಿಂಜುವ ಯಂತ್ರ ಬಂತು. ಹೊಸಬರು ಹನ್ನೆರಡು ಜನ ಬಂದರು. ದಿನಕ್ಕೆ ಐದರ ಬದಲು ಹದಿನೈದು ರಾಶಿ. ಹದಿನೈದನ್ನು ಐದು ತಲೆಗೆ ಹಂಚಿದರೆ ತಲೆಗೆ ಮೂರು ದಿಂಬು. ಮಗ ಪ್ರತಿಯೊಬ್ಬರ ಹಾಸಿಗೆಯ ಪಕ್ಕ ಒಂದೊಂದು ಅಲಾರಾಂ ಗಡಿಯಾರ ಇಟ್ಟ. ಗಂಟೆ ಹೊಡೆದಾಗ ಏಳುವುದು, ದಿಂಬು ಬದಲಾಯಿಸುವುದು, ಮಲಗುವುದು. ಐದು ಗಡಿಯಾರ ಒಂದೇ ಸಮಯ ತೋರಿಸುತ್ತಿರಲಿಲ್ಲವಾದ್ದರಿಂದ ಒಬ್ಬರ ಗಂಟೆಗೆ ಐವರೂ ಏಳುತ್ತಿದ್ದರು.

ಮೂರನೆಯ ದಿನಕ್ಕೆ ಮನೆಯ ಕಳೆ ಕೆಟ್ಟಿತು. ಕಂಡಕ್ಟರ್ ಚಹಾಕ್ಕೆ ಉಪ್ಪು ಹಾಕಿದ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಸೊಸೆ ತೂಕಡಿಸಿ ತನ್ನ ಅಂಗೈಗೇ ಮುದ್ರೆ ಒತ್ತಿಕೊಂಡು ಬಂದಳು. ತಾರೀಕು ಎರಡು ದಿನ ಅಳಿಸಿಹೋಗಲಿಲ್ಲ. ಬೆಳಗಿನ ತಿಂಡಿಯ ಹೊತ್ತು, ಮೊದಲು ಎಲ್ಲರೂ ಮಾತಾಡಿ ಮಾತಾಡಿ ಬ್ರೆಡ್ಡು ತಣ್ಣಗಾಗುತ್ತಿದ್ದ ಹೊತ್ತು, ಈಗ ಸ್ಲೇಟಿನ ಮೇಲೆ ಬಳಪ ಉಜ್ಜುವ ಸದ್ದೊಂದೇ ಕೇಳುತ್ತಿತ್ತು. ಸ್ಲೇಟು ಹತ್ತು ವರ್ಷದ ಮೊಮ್ಮಗಳ ಜವಾಬ್ದಾರಿ.

"ಏಳನೇ ನಂಬರು?"

"ಚೆನ್ನಾಗಿದೆ," ಎಂದ ಮಗ.

"ಎಂಟು?"

"ಚೆನ್ನಾಗಿದೆ."

"ಅಪ್ಪ, ಎಂಟು ಅಮ್ಮಂದು."

"ಅವಳದ್ದೂ ಚೆನ್ನಾಗಿದೆ. ಬರ್ಕೋ."

"ನನ್ನ ಬಾಯಿ ನನಗಿದೆ," ಎಂದಳು ಸೊಸೆ, ಕಣ್ಣು ತೆರೆಯದೆ. "ಚೆನ್ನಾಗಿದೆ."

"ಅಜ್ಜಿ, ಹನ್ನೊಂದು?"

"ಚೆನ್ನಾಗಿದೆ," ಎಂದಳು ದಿಂಬಿನಮ್ಮ.

ಅದೇ ದಿನ ಮಧ್ಯಾಹ್ನ ಕೋಣೆ ಗುಡಿಸುವಾಗ ಅವಳ ಪೊರಕೆಗೆ ಮಂಚದ ಕೆಳಗೆ ಏನೋ ತಗುಲಿತು. ಎಳೆದು ನೋಡಿದರೆ ದಿಂಬು. ಒಂದು ಸುಕ್ಕೂ ಇಲ್ಲ, ಯಾರ ತಲೆಯೂ ಸೋಕಿಲ್ಲ. ಚೀಟಿಯಲ್ಲಿ ಹನ್ನೊಂದು ಎಂದಿತ್ತು. ಅವಳು ಅಲಾರಾಂ ಕೇಳಿಸದೆ ಮಲಗಿಬಿಟ್ಟಿದ್ದಳು. ಬೆಳಿಗ್ಗೆ ಎಲ್ಲರ ಹಾಗೆ ತಾನೂ ಬಾಯಿಗೆ ಬಂದದ್ದು ಹೇಳಿದ್ದಳು.

ದಿಂಬಿನ ಮೂಲೆ ಒತ್ತಿದಳು. ಒಳಗೆ ನಿಂಬೆಹಣ್ಣಿನಷ್ಟು ದಪ್ಪದ, ಹಿಂಜದೆ ಉಳಿದ ಹತ್ತಿಯ ಗಂಟು. ಪೊರಕೆಯನ್ನು ಅಲ್ಲೇ ಬಿಟ್ಟು ಕೆಳಗೆ ಓಡಿದಳು. ಹನ್ನೊಂದನೆಯ ರಾಶಿಯ ಉಳಿದ ಏಳೂ ಲಾರಿಯಲ್ಲಿ ಹೊರಟುಹೋಗಿ ಎರಡು ಗಂಟೆಯಾಗಿತ್ತು.

ಅವಳು ಯಾರಿಗೂ ಹೇಳಲಿಲ್ಲ. ಆ ವಾರವೆಲ್ಲ ಹೋಟೆಲಿನವರ ಬೈಗುಳದ ಪತ್ರಕ್ಕೆ ಕಾದಳು.

ಬೈಗುಳ ಬರಲಿಲ್ಲ. ಮೊದಲು ಬಂದದ್ದು ಶಾಲೆಯಿಂದ ಒಂದು ಚೀಟಿ. ಮನೆಯವರು ಬಂದು ಕಾಣಬೇಕು ಎಂದು. ಜೊತೆಗೆ ಮೊಮ್ಮಗಳ ಪ್ರಬಂಧದ ಪುಸ್ತಕ. ಊಟಕ್ಕೆ ಕೂತಾಗ ಸೊಸೆ ಅದನ್ನು ಗಟ್ಟಿಯಾಗಿ ಓದಿದಳು.

"'ನಮ್ಮ ಮನೆ. ಬೇರೆಯವರು ಕೆಲಸ ಮುಗಿಸಿ ಮಲಗುತ್ತಾರೆ. ನಮ್ಮ ಮನೆಯಲ್ಲಿ ಮಲಗುವುದೇ ಕೆಲಸ. ನಾನು ಒಂದು ರಾತ್ರಿಗೆ ಮೂರು ದಿಂಬು ಮಲಗುತ್ತೇನೆ. ನಮ್ಮ ಅಜ್ಜಿ ತುಂಬ ಒಳ್ಳೆಯವರು. ಅವರಿಗೆ ಸ್ವಂತ ದಿಂಬು ಇಲ್ಲ. ನಾನು ದೊಡ್ಡವಳಾದ ಮೇಲೆ ಬರೀ ನೆಲದ ಮೇಲೆ ಮಲಗುತ್ತೇನೆ.'"

ಕಂಡಕ್ಟರ್ ಬಿದ್ದು ಬಿದ್ದು ನಕ್ಕ. ಮಗನಿಗೂ ನಗು ಬಂತು. "ಮೂರು ದಿಂಬು ಮಲಗ್ತೀನಿ ಅಂತೆ! ಟೀಚರ್ ಏನಂದುಕೊಂಡ್ರೋ!"

"ನಾನೇ ಹೋಗಿ ಕಾಣ್ತೀನಿ," ಎಂದು ಸೊಸೆ ಪುಸ್ತಕ ಮುಚ್ಚಿದಳು. ಅವಳು ನಗಲಿಲ್ಲ, ಅತ್ತೆಯೂ ನಗಲಿಲ್ಲ.

ಎರಡು ದಿನದ ಮೇಲೆ ಹೋಟೆಲಿನ ಪತ್ರ ಬಂತು. ಮಾದರಿ ಬಹಳ ಮೆಚ್ಚಿಗೆಯಾಗಿದೆ, ಒಂದೇ ಒಂದು ದೂರಿಲ್ಲ, ವರ್ಷದ ಕರಾರಿಗೆ ಸಿದ್ಧ ಎಂದಿತ್ತು. ಮಗ ಆ ಕಾಗದವನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಊಟ ಮಾಡಿದ. ಊಟವಾದ ಮೇಲೆ ಇನ್ನೊಂದು ಕಾಗದ ತೆಗೆದ. ದೊಡ್ಡ ಶೆಡ್ಡು, ನಾಲ್ಕು ಹೊಸ ಯಂತ್ರ. ಅದಕ್ಕೆ ಬ್ಯಾಂಕಿನ ಸಾಲ. ಸಾಲಕ್ಕೆ ಆಧಾರ ಈ ಮನೆ. ಮನೆ ಅಮ್ಮನ ಹೆಸರಲ್ಲಿತ್ತು.

"ಇಲ್ಲಿ ಒಂದು ಸಹಿ, ಇಲ್ಲೊಂದು."

ದಿಂಬಿನಮ್ಮ ಎದ್ದು ಹೋಗಿ ಕೋಣೆಯಿಂದ ಹನ್ನೊಂದನೆಯ ದಿಂಬನ್ನು ತಂದು ಕಾಗದದ ಮೇಲೆ ಇಟ್ಟಳು. "ಈ ಮೂಲೆ ಒತ್ತು."

ಅವನು ಒತ್ತಿದ. "ಗಂಟಿದೆ."

"ಇದರ ಅಣ್ಣತಮ್ಮಂದಿರು ಏಳೂ ಜನ ಹೋಟೆಲಿಗೆ ಹೋಗಿದ್ದಾರೆ. ನಾನೇ ಚೆನ್ನಾಗಿದೆ ಅಂದಿದ್ದು. ಮಲಗಿರಲೇ ಇಲ್ಲ."

"ಯಾರೂ ಗಮನಿಸಲಿಲ್ಲವಲ್ಲ!"

"ನಾನು ಗಮನಿಸಿದೆ."

"ಅಮ್ಮ, ಒಂದು ಗಂಟಿಗೆ ಇಪ್ಪತ್ತೆರಡು ಹೋಟೆಲು ಬಿಡೋಕಾಗುತ್ತಾ?"

"ಗಂಟಿಗಲ್ಲ ಕಣೋ. ಇಷ್ಟು ವರ್ಷದಲ್ಲಿ ನಾನು ಆ ಮೇಜಿನ ಮುಂದೆ ಸುಳ್ಳು ಹೇಳಿದ್ದು ಅದೇ ಮೊದಲು. ಸುಸ್ತಾಗಿತ್ತು, ಹೇಳಿಬಿಟ್ಟೆ. ಇದು ದಿನಾ ಆಗುತ್ತೆ. ನನಗೆ ಸಾಕು."

"ಹೊಟ್ಟೆ ತುಂಬಿದೋರ ಮಾತಿದು!"

"ಹೌದು, ತುಂಬಿದೆ. ಹೊಟ್ಟೆ ತುಂಬಿದೋರು ತಟ್ಟೆ ಮುಂದಿಂದ ಏಳಬೇಕಲ್ವಾ?"

"ನಿನಗೆ ತುಂಬಿದೆ. ನಾನು ಈಗ ತಾನೇ ತಟ್ಟೆ ಇಟ್ಕೊಂಡು ಕೂತಿದ್ದೀನಿ!" ಮಗನ ಧ್ವನಿ ಏರಿತು. "ಎರಡರಿಂದ ಮೂರಕ್ಕೆ ಹೋದಾಗ ಸಾಕು ಅಂದ್ಯಾ? ನಾಲ್ಕಕ್ಕೆ? ಐದಕ್ಕೆ? ಎಲ್ಲಾ ನಿನ್ನ ಕೈಯಿಂದ ಆದಾಗ ಬೆಳವಣಿಗೆ, ನನ್ನ ಸರದಿ ಬಂದಾಗ ಸಾಕು!"

ಕಂಡಕ್ಟರ್ ಬಾಯಿ ತೆರೆದ, ಹೆಂಡತಿಯ ಕಣ್ಣು ನೋಡಿ ಮುಚ್ಚಿದ. ಮಗ ಕಾಗದಗಳನ್ನು ಮಡಚಿಕೊಂಡು ಎದ್ದು ಹೋದ. ದಿಂಬು ಮೇಜಿನ ಮೇಲೇ ಉಳಿಯಿತು.

ಆಮೇಲೆ ಎಂಟು ದಿನ ತಾಯಿ ಮಗನಿಗೆ ಮಾತಿಲ್ಲ. ಮೊದಮೊದಲು ಏನಿದ್ದರೂ ಮೊಮ್ಮಗಳ ಮೂಲಕ. "ಅಜ್ಜಿಗೆ ಹೇಳು, ಹತ್ತಿ ಬಂದಿದೆ." "ನಿಮ್ಮಪ್ಪನಿಗೆ ಹೇಳು, ನೋಡಿದೆ." ಮಗ ಮುಖ ಊದಿಸಿಕೊಂಡು ಬರುತ್ತಿದ್ದ, ಊದಿಸಿಕೊಂಡು ಹೋಗುತ್ತಿದ್ದ. ಹುಡುಗಿ ಎರಡು ದಿನ ಈ ಟಪಾಲು ಹಂಚಿ ಮೂರನೆಯ ದಿನ, "ನೀವೇ ಹೇಳ್ಕೊಳ್ಳಿ, ನನಗೆ ಹೋಂವರ್ಕಿದೆ," ಎಂದಳು.

ದಿಂಬಿನಮ್ಮ ಪಾತ್ರೆ ತೊಳೆದಳು, ಬಟ್ಟೆ ಮಡಚಿದಳು, ಗಂಡ ಬೇಡವೆಂದರೂ ಆಲೂಗಡ್ಡೆ ಸಿಪ್ಪೆ ತೆಗೆದಳು. ಕೆಲಸ ಮಾಡುವಾಗಲೇ ಅವಳಿಗೆ ಬುದ್ಧಿ ಓಡುತ್ತಿದ್ದುದು.

"ರೀ, ಅವನು ಹೇಳಿದ್ದು ಸರೀನೇ ಅಲ್ವಾ?"

"ಯಾವುದು?"

"ನನಗೆ ಹೊಟ್ಟೆ ತುಂಬಿತು ಅಂತ ಅವನ ತಟ್ಟೆ ಯಾಕೆ ಎತ್ತಬೇಕು?"

"ಎತ್ತಬೇಡ," ಎಂದ ಕಂಡಕ್ಟರ್. "ನೀನು ಏಳು, ಸಾಕು. ಆದ್ರೆ ನೀನು ಏಳೋಳಲ್ಲ. ಕೈ ತೊಳ್ಕೊಂಡು ಬಂದು ಮತ್ತೆ ಅಲ್ಲೇ ನಿಂತು, ಉಪ್ಪು ಹಾಕ್ಕೋ, ನಿಧಾನ ತಿನ್ನು ಅಂತೀಯ."

ಅವಳಿಗೆ ಕೋಪ ಬಂತು. ನಿಜವಾದ್ದರಿಂದ ಇನ್ನೂ ಜಾಸ್ತಿ ಬಂತು.

ಮರುದಿನ ಸೂಜಿಯಕ್ಕನನ್ನು ಮೇಲೆ ಕರೆಸಿದಳು. ತುಂಬಿದ ದಿಂಬಿನ ಬಾಯಿ ಹೊಲಿಯುವುದು ಸೂಜಿಯಕ್ಕನ ಕೆಲಸ. ಇಪ್ಪತ್ತಾರು ವರ್ಷದಿಂದ ಹೊಲಿಯುತ್ತಿದ್ದಳು, ಅಷ್ಟೂ ವರ್ಷ ಮಾತಾಡುತ್ತಲೇ ಹೊಲಿದಿದ್ದಳು. ಮಗನೂ ಬಂದು ಬಾಗಿಲಿಗೆ ಒರಗಿ ನಿಂತ.

"ಕೂತ್ಕೊಳೋ. ಈ ಮನೆ ನಾನು ಬ್ಯಾಂಕಿಗೆ ಬರೆದುಕೊಡಲ್ಲ. ಇದು ಮಲಗೋಕೆ ಅಂತ ಕಟ್ಟಿಸಿದ್ದು, ಮಲಗ್ತೀನಿ. ಕೆಳಗಿಂದೆಲ್ಲ, ಯಂತ್ರ, ಅಂಗಡಿಯವರು, ಹೆಸರು, ಎಲ್ಲಾ ಅರ್ಧ ನಿನಗೆ, ಅರ್ಧ ಸೂಜಿಯಕ್ಕನಿಗೆ. ಬರುವ ತಿಂಗಳು ಒಂದನೇ ತಾರೀಕಿಂದ ನಾನಿಲ್ಲ."

"ಇಲ್ಲ ಅಂದ್ರೆ ಎಲ್ಲಿಗೆ ಹೋಗ್ತೀರಕ್ಕ?" ಸೂಜಿಯಕ್ಕ ಗಾಬರಿಯಾದಳು.

"ಎಲ್ಲಿಗೂ ಇಲ್ಲ. ಮೇಲೆ ಇರ್ತೀನಿ. ಕೆಳಗೆ ಇರಲ್ಲ."

"ನನ್ನ ಪಾಲಿಂದು ಈಗಲೇ ಹೇಳ್ತೀನಿ. ಆರು ಸಾವಿರ ಬಾಯಿ ಹೊಲಿಯೋಕೆ ನನಗೆ ಇನ್ನೆರಡು ಜೊತೆ ಕೈ ಬೇಕು. ಆಗಲ್ಲ," ಎಂದಳು ಸೂಜಿಯಕ್ಕ.

ಮಗನ ಕೋಪ ಇಳಿದಿರಲಿಲ್ಲ, ಆದರೆ ಅವನು ಬುದ್ಧಿವಂತ. "ನಿಮ್ಮನೇಲಿ ಎಷ್ಟು ತಲೆ?" ಎಂದು ಸೂಜಿಯಕ್ಕನನ್ನು ಕೇಳಿದ.

"ನಾನು, ಯಜಮಾನರು, ಇಬ್ಬರು ಮಕ್ಕಳು. ನಾಲ್ಕು. ಯಾಕೆ?"

"ನಾಲ್ಕು. ನಮ್ಮದು ಮೂರು. ಅಪ್ಪನೂ ಇದ್ರೆ ನಾಲ್ಕು."

"ನನ್ನ ತಲೆ ನಿನ್ನಮ್ಮನ ಕಡೆ," ಎಂದ ಕಂಡಕ್ಟರ್ ಅಡುಗೆಮನೆಯಿಂದ.

"ಹಾಗಾದ್ರೆ ಏಳು ರಾಶಿ. ಇಪ್ಪತ್ತೆರಡು ಹೋಟೆಲು ಆಗಲ್ಲ. ಎರಡು ಕೇಳಿ ನೋಡ್ತೀನಿ." ಮಗ ಎದ್ದ. ಬಾಗಿಲ ಹತ್ತಿರ ತಿರುಗಿ, "ನೀನು ಇರಲ್ಲ ಅಂತೀಯ. ನೋಡೋಣ ಎಷ್ಟು ದಿನ," ಎಂದ.

ಹೋಟೆಲಿನವರು ಮೊದಲು ಮೂಗು ಮುರಿದರು, ಆಮೇಲೆ ಎರಡು ಹೋಟೆಲಿಗೆ ಒಪ್ಪಿದರು.

ಒಂದನೇ ತಾರೀಕಿನ ಹಿಂದಿನ ದಿನ ದಿಂಬಿನಮ್ಮ ಕೊನೆಯ ಸಲ ಯಂತ್ರದ ಮುಂದೆ ಕೂತು ತನಗೊಂದು ದಿಂಬು ಮಾಡಿಕೊಂಡಳು. ಎಲ್ಲರೂ ಸುತ್ತ ನಿಂತು ನೋಡಿದರು. ಹತ್ತಿ ತುಂಬಿದಳು, ತೆಗೆದಳು, ಮತ್ತೆ ತುಂಬಿದಳು. ಊರಿಗೆಲ್ಲ ಅಳತೆ ಗೊತ್ತಿದ್ದವಳಿಗೆ ತನ್ನ ಕತ್ತಿನ ಅಳತೆ ಗೊತ್ತಿರಲಿಲ್ಲ. ಸೂಜಿಯಕ್ಕ ಬಾಯಿ ಹೊಲಿದು, ಅಭ್ಯಾಸದಂತೆ ನಂಬರಿನ ಚೀಟಿಗೆ ಕೈ ಹಾಕಿದಳು. "ಅದು ಬೇಡ," ಎಂದು ದಿಂಬಿನಮ್ಮ ದಿಂಬನ್ನು ಎತ್ತಿಕೊಂಡು ಮೇಲೆ ಹೋದಳು.

ಮೊದಲ ವಾರ ನರಕ. ಕೆಳಗಿನ ಯಂತ್ರದ ಸದ್ದು ಸ್ವಲ್ಪ ಬದಲಾದರೂ ಅವಳ ಕಾಲು ಮೆಟ್ಟಿಲಿನ ಕಡೆ ಹೋಗುತ್ತಿತ್ತು. ಕಂಡಕ್ಟರ್ ಅವಳನ್ನು ಬಸ್ಸು ಹತ್ತಿಸಿಕೊಂಡು ಹೊರಟ. ಅವನು ಕೆಲಸ ಮಾಡಿದ ದಾರಿಗಳ ಕೊನೆಯ ನಿಲ್ದಾಣವನ್ನು ಅವಳು ಒಂದೂ ನೋಡಿರಲಿಲ್ಲ. ದಿನಕ್ಕೊಂದು ದಾರಿ, ಕೊನೆಯವರೆಗೆ ಹೋಗುವುದು, ಚಹಾ ಕುಡಿಯುವುದು, ವಾಪಸು ಬರುವುದು. "ಇಲ್ಲೇನಿದೆ ನೋಡೋಕೆ?" ಎಂದು ಅವಳು ಪ್ರತಿ ಸಲ ಕೇಳಿದಳು. "ಏನೂ ಇಲ್ಲ. ಬಸ್ಸು ತಿರುಗುತ್ತೆ," ಎಂದು ಅವನು ಪ್ರತಿ ಸಲ ಹೇಳಿದ. ಮೂರನೆಯ ವಾರದ ಹೊತ್ತಿಗೆ ಕತ್ತು ಬಲಕ್ಕೆ ತಿರುಗತೊಡಗಿತು.

ಹೋಟೆಲಿಗೆ ಮೊದಲ ಸರಕು ಹೊರಡುವ ಬೆಳಿಗ್ಗೆ ಮಗ ಒಂದು ದಿಂಬನ್ನು ಕಂಕುಳಲ್ಲಿಟ್ಟುಕೊಂಡೇ ತಿಂಡಿಗೆ ಬಂದ. ಅನುಮಾನ ಬಂದು ಅವನೂ ಅವನ ಹೆಂಡತಿಯೂ ಅದರ ಮೇಲೆ ಅರ್ಧರ್ಧ ರಾತ್ರಿ ಮಲಗಿದ್ದರು.

"ನಾಲ್ಕನೇ ನಂಬರು ಗಟ್ಟಿ," ಎಂದ ಅವನು.

"ಗಟ್ಟಿಯಿಲ್ಲ, ಸರಿಯಾಗೇ ಇದೆ," ಎಂದಳು ಸೊಸೆ. "ಇವರಿಗೆ ಭಯ, ಅಷ್ಟೇ."

"ಒಂಬತ್ತಕ್ಕೆ ಲಾರಿ ಬರುತ್ತೆ. ಬಿಚ್ಚಿದ್ರೆ ಮೊದಲ ದಿನವೇ ಲೇಟು. ಬಿಚ್ಚದೇ ಹೋದ್ರೆ..." ಅವನು ದಿಂಬನ್ನು ಮೇಜಿನ ಮೇಲೆ, ಅಮ್ಮನ ತಟ್ಟೆಯ ಪಕ್ಕ ಇಟ್ಟ. "ಅಮ್ಮ, ನೀನೊಂದ್ಸಲ ಮುಟ್ಟಿ ನೋಡು."

ಎಲ್ಲರ ಕೈಯೂ ನಿಂತಿತು. ದಿಂಬಿನಮ್ಮನ ಬಲಗೈ ಆಗಲೇ ಅರ್ಧ ಚಾಚಿತ್ತು. ಮೂಲೆ ಒಂದು ಸಲ ಒತ್ತಿದರೆ ಸಾಕಿತ್ತು, ಅವಳಿಗೆ ಗೊತ್ತಾಗಿಬಿಡುತ್ತಿತ್ತು. ಅವಳಿಗೆ ಬಹಳ ಆಸೆಯಾಯಿತು.

ಕೈ ಮುಂದೆ ಹೋಗಿ ಬೆಣ್ಣೆಯ ಬಟ್ಟಲು ತೆಗೆದುಕೊಂಡಿತು.

"ಇಬ್ಬರೂ ಮಲಗಿದ್ದೀರಲ್ಲ. ನೀವೇ ಹೇಳಿ."

"ಮುಟ್ಟೋಕೇನಮ್ಮ? ಒಂದು ನಿಮಿಷ!"

"ಇವತ್ತು ಮುಟ್ಟಿದ್ರೆ ನಾಳೆನೂ ಮುಟ್ಟಬೇಕು. ಮುಟ್ಟಲ್ಲ."

ಮಗ ಅವಳನ್ನೇ ನೋಡುತ್ತ ನಿಂತ. ಅವಳು ಬ್ರೆಡ್ಡಿಗೆ ಬೆಣ್ಣೆ ಸವರಿದಳು. ಬೆಣ್ಣೆ ಮೇಜಿಗೂ ಆಯಿತು. ಅವನು ದಿಂಬು ಎತ್ತಿಕೊಂಡು ಕೆಳಗೆ ಹೋದ. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಹೊಲಿಗೆ ಬಿಚ್ಚುವ ಪರಪರ ಸದ್ದು, ಅದರ ಹಿಂದೆ ಸೂಜಿಯಕ್ಕನ ಗೊಣಗಾಟ. ಏಳನ್ನೂ ಬಿಚ್ಚುತ್ತಿದ್ದರು. ಬಿಚ್ಚಬೇಕಿತ್ತೋ ಇಲ್ಲವೋ, ದಿಂಬಿನಮ್ಮನಿಗೆ ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ಕೆಳಗೆ ನಡೆಯುವುದು ಅವಳಿಗೆ ತಿಳಿಯದೇ ಹೋದದ್ದು ಇದೇ ಮೊದಲು. ಅವಳು ಬ್ರೆಡ್ಡು ತಿಂದಳು.

ಮೊಮ್ಮಗಳು ಸ್ಲೇಟಿನಲ್ಲಿ ನಾಲ್ಕನೆಯ ನಂಬರಿನ ಮುಂದೆ 'ಗಟ್ಟಿ, ಅಪ್ಪ' ಎಂದು ಬರೆದು ತಲೆ ಎತ್ತಿದಳು.

"ಅಜ್ಜಿ, ನಿಂದು?"

"ನನ್ನದಕ್ಕೆ ನಂಬರಿಲ್ಲ ಮರಿ. ಬರೆಯೋ ಹಾಗಿಲ್ಲ."

"ಬರೆಯಲ್ಲ. ಸುಮ್ಮನೆ ಹೇಳು. ಹೇಗಿತ್ತು?"

ಗಟ್ಟಿಯಿತ್ತೋ ಮೆತ್ತಗಿತ್ತೋ ಎಂದು ದಿಂಬಿನಮ್ಮ ನೆನಪಿಸಿಕೊಳ್ಳಲು ನೋಡಿದಳು. ಆಗಲಿಲ್ಲ.

"ಗೊತ್ತಿಲ್ಲ ಕಣೆ," ಎಂದಳು. "ನಿದ್ದೆ ಬಂದುಬಿಟ್ಟಿತ್ತು."